ತೂಕದ ಲೆಕ್ಕ ಮತ್ತು ಆರನೇ ತರಗತಿ: ಕಾಫಿ ಸೀಮೆಯ ಶಾಲೆಯಲ್ಲಿ ಒಂದು ವಾರ

ಕಾಫಿ ಕುಯ್ಲು ಜೋರಾಗುವ ಹೊತ್ತಿಗೆ ಮಲೆನಾಡಿನ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕಕ್ಕೆ ಹೊಸ ಹೆಸರುಗಳು ಸೇರುತ್ತವೆ. ಹರಪನಹಳ್ಳಿ, ಹೂವಿನಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಜನ ಗುಳೆ ಬರುತ್ತಾರೆ. ಈಚೆಗೆ ಅಸ್ಸಾಂನಿಂದಲೂ ಬರುತ್ತಿದ್ದಾರೆ. ತೋಟದ ಲೈನ್ ಮನೆಗಳಲ್ಲಿ (ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳು) ಇದ್ದು, ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕುಯ್ದು, ಬೇಸಿಗೆ ಬರುವಷ್ಟರಲ್ಲಿ ಊರಿಗೆ ಮರಳುತ್ತಾರೆ. ಅವರ ಜೊತೆ ಬರುವ ಮಕ್ಕಳು ಎರಡು ಮೂರು ತಿಂಗಳು ನಮ್ಮ ಶಾಲೆಯಲ್ಲಿರುತ್ತಾರೆ. "ಹೋಗೋ ಮಕ್ಕಳು ಸಾರ್, ಏನು ಕಲಿಸೋದು?" ಅನ್ನುವ ಮಾತು ಪ್ರತಿ ವರ್ಷ ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಬರುತ್ತದೆ.

ಹೋಗುವ ಮಗುವನ್ನು ತರಗತಿಯ ಮಗು ಮಾಡಲು ಆಗುತ್ತದಾ, ಅದೂ ಒಂದು ವಾರದಲ್ಲಿ? 2025ರ ಜನವರಿ 20ರಿಂದ 25ರವರೆಗೆ ಒಂದು ಹಿರಿಯ ಪ್ರಾಥಮಿಕ ಶಾಲೆಯ ಆರನೇ ತರಗತಿಯಲ್ಲಿ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಸಿಆರ್‌ಪಿ ಶಾಲೆಯ ಗೇಟು ದಾಟಿದರೆ ಮೊದಲು ಬರುವ ಪ್ರಶ್ನೆ "ಯಾವ ದಾಖಲೆ ಬೇಕು ಸಾರ್?" ಅಂತ. ಆ ವಾರ ದಾಖಲೆ ಕೇಳದೆ, ದಿನಕ್ಕೆ ಒಂದೆರಡು ಪೀರಿಯಡ್ ಸುಮ್ನೆ ಹಿಂದೆ ಕೂತು ನೋಡಿದೆ. ಊರು, ಶಾಲೆ, ಮಕ್ಕಳ ಹೆಸರು ಯಾವುದನ್ನೂ ಕೊಡುತ್ತಿಲ್ಲ.

ತರಗತಿ ಹೇಗಿತ್ತು

ಮಕ್ಕಳು ಇಪ್ಪತ್ತು. ಸ್ವಂತ ತೋಟ ಇರುವವರ ಮಕ್ಕಳು ಕೆಲವರು. ಅವರಲ್ಲೂ ಎರಡು ಎಕರೆಯ ಸಣ್ಣ ಹಿಡುವಳಿದಾರರೇ ಜಾಸ್ತಿ. ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವರು ಕೆಲವರು. ತೋಟದ ರೈಟರ್ (ಲೆಕ್ಕ ಬರೆಯುವವರು) ಒಬ್ಬರ ಮಗ, ಅಸ್ಸಾಂನ ಇಬ್ಬರು ಹುಡುಗರು, ಮತ್ತೆ ಸಂಕ್ರಾಂತಿ ಕಳೆದ ಮೇಲೆ ಸೇರಿದ ಒಬ್ಬ ಹುಡುಗಿ. ಈ ವಾರದ ಕಥೆ ಅವಳದ್ದು. ಹರಪನಹಳ್ಳಿ ಕಡೆಯ ತಾಂಡಾದವಳು. ಮನೆಮಾತು ಲಂಬಾಣಿ. ಅಪ್ಪ, ಅಮ್ಮ ಇಬ್ಬರೂ ಕುಯ್ಲಿಗೆ ಬಂದಿದ್ದರು, ನಾಲ್ಕು ವರ್ಷದ ತಮ್ಮನೂ ಜೊತೆಗಿದ್ದ.

ಟಿಸಿ ತಂದಿರಲಿಲ್ಲ. ಮುಖ್ಯ ಶಿಕ್ಷಕರು ಒಂದು ಮಾತೂ ಆಡದೆ ಸೇರಿಸಿಕೊಂಡರು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುವುದೂ ಅದನ್ನೇ: ವರ್ಗಾವಣೆ ಪತ್ರ ತಡವಾಯಿತು ಅಂತ ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಅನ್ನುವುದು 4ನೇ ಸೆಕ್ಷನ್. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಇಷ್ಟು ವರ್ಷಗಳಲ್ಲಿ ಮಗುವನ್ನು ಗೇಟಿನೊಳಗೆ ಬಿಟ್ಟುಕೊಳ್ಳುವುದನ್ನು ನಾವು ಚೆನ್ನಾಗೇ ಕಲಿತಿದ್ದೇವೆ. ವಿಶೇಷ ತರಬೇತಿ ಅಂದಾಗ ಮಾತ್ರ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತೇವೆ.

ತರಗತಿಯ ಶಿಕ್ಷಕಿ ಗಣಿತ, ವಿಜ್ಞಾನದ ಜಿಪಿಟಿ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕಿ. ಶಿಕ್ಷಕರು ಕಡಿಮೆ ಇರುವುದರಿಂದ ಸಮಾಜ ವಿಜ್ಞಾನವೂ ಅವರದ್ದೇ. ನನ್ನನ್ನು ಕರೆದದ್ದು ಅವರೇ. "ಹುಡುಗಿ ಬರ್ತಾಳೆ, ಕೂರ್ತಾಳೆ, ಹೋಗ್ತಾಳೆ. ಯಾರೂ ಬೈಯಲ್ಲ, ಯಾರೂ ಮಾತೂ ಆಡಿಸಲ್ಲ. ನನಗೆ ಇದು ಜಗಳಕ್ಕಿಂತ ಕಷ್ಟ ಸಾರ್" ಅಂದರು.

ಸೋಮವಾರ

ಮೊದಲ ಪೀರಿಯಡ್‌ನಲ್ಲಿ ಪ್ರತಿ ಮಗುವಿಗೂ ಒಂದು ತುಂಡು ಕಾಗದ ಕೊಟ್ಟರು. "ಗುಂಪು ಕೆಲಸಕ್ಕೆ ಯಾರ ಜೊತೆ ಕೂರೋಕೆ ಇಷ್ಟ? ಮೂರು ಹೆಸರು ಬರೀರಿ. ಯಾರಿಗೂ ತೋರಿಸಬೇಡಿ." ಇದು ಹಳೆಯ ಉಪಾಯ. ಜೇಕಬ್ ಮೊರೆನೊ ಎಂಬ ಮನೋವೈದ್ಯರು 1930ರ ದಶಕದಲ್ಲಿ ಹೀಗೆ ಯಾರು ಯಾರನ್ನು ಆರಿಸುತ್ತಾರೆ ಎಂದು ಕೇಳಿ, ಗೆರೆ ಎಳೆದು ನಕ್ಷೆ ಮಾಡುತ್ತಿದ್ದರು. ಅದಕ್ಕೆ ಸೋಶಿಯೋಗ್ರಾಮ್ ಅನ್ನುತ್ತಾರೆ. ಯಾರ ಜೊತೆ ಬೇಡ ಅಂತಲೂ ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಹನ್ನೊಂದು ವರ್ಷದ ಮಕ್ಕಳ ಕೈಯಲ್ಲಿ "ಬೇಡ" ಅಂತ ಬರೆಸಿದರೆ ಮಧ್ಯಾಹ್ನದ ಊಟದೊಳಗೆ ಆ ಪಟ್ಟಿ ಇಡೀ ಶಾಲೆಗೆ ಗೊತ್ತಾಗಿರುತ್ತದೆ.

ಚೀಟಿಗಳನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿ ನೋಡಿದೆವು. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರ ಮಗನ ಹೆಸರು ಹನ್ನೊಂದು ಚೀಟಿಗಳಲ್ಲಿತ್ತು. ಅಸ್ಸಾಂನ ಇಬ್ಬರೂ ಒಬ್ಬರನ್ನೊಬ್ಬರು ಬರೆದಿದ್ದರು. ಹೊಸ ಹುಡುಗಿಯ ಹೆಸರು ಯಾರ ಚೀಟಿಯಲ್ಲೂ ಇರಲಿಲ್ಲ. ಇದು ನಿರೀಕ್ಷೆ ಮಾಡಿದ್ದೇ. ನಿರೀಕ್ಷೆ ಮಾಡದ ಇನ್ನೊಂದು ಸೊನ್ನೆ ಇತ್ತು. ಒಂದನೇ ತರಗತಿಯಿಂದ ಇದೇ ಶಾಲೆಯಲ್ಲಿ ಓದುತ್ತಿರುವ, ಇದೇ ಊರಿನ ಹುಡುಗನೊಬ್ಬ. ಗಲಾಟೆ ಇಲ್ಲ, ದೂರು ಇಲ್ಲ, ಬರವಣಿಗೆ ಅಚ್ಚುಕಟ್ಟು. ಶಿಕ್ಷಕಿ ಆ ಪಟ್ಟಿಯನ್ನು ಎರಡು ಸಲ ಎಣಿಸಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಣ್ಣ ಗದ್ದಲ. ಬಿಸಿಯೂಟದಲ್ಲಿ ಕೊಟ್ಟ ಮೊಟ್ಟೆಯನ್ನು ಹುಡುಗಿ ತಿನ್ನದೆ, ನೋಟ್‌ಬುಕ್ಕಿನ ಹಾಳೆ ಹರಿದು ಅದರಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಿದ್ದಳು. "ಮಿಸ್, ಮೊಟ್ಟೆ ಕದ್ದಳು" ಅಂತ ಒಬ್ಬಳು ಓಡಿ ಬಂದಳು. ತನ್ನ ತಟ್ಟೆಯ ಮೊಟ್ಟೆಯನ್ನೇ ಕದ್ದಳು ಅನ್ನುವುದು ಹೇಗೆ? ಆದರೂ ಆ ಮಾತು ಹುಟ್ಟಿಬಿಟ್ಟಿತು. ಶಿಕ್ಷಕಿ ಎಲ್ಲರ ಮುಂದೆ ವಿಚಾರಣೆಗೆ ಹೋಗಲಿಲ್ಲ. "ಅದು ಅವಳ ಮೊಟ್ಟೆ" ಅಂದು ಅಲ್ಲಿಗೇ ಮುಗಿಸಿದರು. ಮೊಟ್ಟೆ ಹೋಗುತ್ತಿದ್ದದ್ದು ಲೈನ್ ಮನೆಯಲ್ಲಿದ್ದ ತಮ್ಮನಿಗೆ ಅಂತ ಆಮೇಲೆ ಗೊತ್ತಾಯಿತು.

ಮಂಗಳವಾರ: ಕೆಟ್ಟುಹೋದ ಗುಂಪು ಕೆಲಸ

ಆರನೇ ತರಗತಿಯ ಸಮಾಜ ವಿಜ್ಞಾನದಲ್ಲಿ 'ನಮ್ಮ ಕರ್ನಾಟಕ' ಅಂತ ಪಾಠ ಇದೆ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಆಡಳಿತ ವಿಭಾಗಗಳ ಪರಿಚಯ. ಅದರ ಪುನರಾವರ್ತನೆಗೆ ಶಿಕ್ಷಕಿ ಜಿಗ್‌ಸಾ ಪದ್ಧತಿ ಆರಿಸಿಕೊಂಡಿದ್ದರು. ನಾಲ್ಕು ಭಾಗದ ಪಾಠ, ನಾಲ್ಕು ನಾಲ್ಕು ಮಕ್ಕಳ ಐದು ಗುಂಪು. ಲೆಕ್ಕ ಸರಿಯಾಗೇ ಕೂಡಿತ್ತು.

ಜಿಗ್‌ಸಾ ಹುಟ್ಟಿದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ, 1971ರಲ್ಲಿ. ಅಲ್ಲಿಯವರೆಗೆ ಬೇರೆ ಬೇರೆ ಶಾಲೆಗಳಲ್ಲಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಗೆ ತಂದಾಗ ಹೊಡೆದಾಟ ಶುರುವಾಯಿತು. ಎಲಿಯಟ್ ಆರನ್‌ಸನ್ ಎಂಬ ಮನೋವಿಜ್ಞಾನಿಯನ್ನು ಕರೆಸಿದರು. ಅವರು ತರಗತಿಗಳಲ್ಲಿ ಕೂತು ನೋಡಿದಾಗ ಕಂಡದ್ದು ಪೈಪೋಟಿ. ಟೀಚರ್ ಪ್ರಶ್ನೆ ಕೇಳುತ್ತಾರೆ, ಕೈ ಎತ್ತಿದವರಲ್ಲಿ ಒಬ್ಬರಿಗೆ ಅವಕಾಶ, ಉಳಿದವರಿಗೆ ಹೊಟ್ಟೆಯುರಿ. ಇದನ್ನು ತಿರುಗಿಸಲು ಅವರು ಪಾಠವನ್ನೇ ಹೋಳು ಮಾಡಿದರು. ಗುಂಪಿನ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹೋಳು. ಒಂದೇ ಹೋಳು ಸಿಕ್ಕವರೆಲ್ಲ ಮೊದಲು ಒಂದು ಕಡೆ ಸೇರಿ ಅದನ್ನು ಅರಗಿಸಿಕೊಳ್ಳಬೇಕು. ಆಮೇಲೆ ತಮ್ಮ ತಮ್ಮ ಗುಂಪಿಗೆ ಮರಳಿ ಕಲಿಸಬೇಕು. ಪಕ್ಕದವನ ಮಾತು ಕೇಳದಿದ್ದರೆ ನನಗೇ ನಷ್ಟ ಅನ್ನುವ ಹಾಗೆ ಕಟ್ಟಿದ ಪಾಠ ಅದು.

ಇಲ್ಲಿ ಆ ದಿನ ಇಬ್ಬರು ಗೈರು. ಕುಯ್ಲಿನ ಕಾಲದಲ್ಲಿ ಇದು ಮಾಮೂಲು. ಒಂದು ಗುಂಪಿಗೆ ಬೆಳಗಾವಿ ಇಲ್ಲ, ಇನ್ನೊಂದಕ್ಕೆ ಬೆಂಗಳೂರು ಇಲ್ಲ. ಶಿಕ್ಷಕಿ ಹೇಗೋ ಹೊಂದಿಸಿದರು. ಹೊಸ ಹುಡುಗಿಗೆ ಕಲಬುರಗಿ ವಿಭಾಗ ಕೊಟ್ಟರು. ಅವಳ ವಿಜಯನಗರ ಜಿಲ್ಲೆ ಅದರಲ್ಲೇ ಬರುತ್ತದೆ, ಅವಳ ಊರಿನ ವಿಷಯ ಅವಳೇ ಹೇಳಲಿ ಅನ್ನುವ ಒಳ್ಳೆಯ ಆಲೋಚನೆ.

ಪುಟ ತೆರೆದಳು. ಬೆರಳಿಟ್ಟು ಓದಿದಳು. "ಕಲಬುರಗಿ" ಸರಾಗ. "ರಾಯಚೂರು", "ಬೀದರ" ಕೂಡ ಪರವಾಗಿಲ್ಲ. ಒತ್ತಕ್ಷರ ಬಂದ ಕಡೆ ಬೆರಳು ನಿಂತಿತು. "ಸಾಂಸ್ಕೃತಿಕ" ಅನ್ನುವಲ್ಲಿ "ಸಾಂ" ಅಂದವಳು ಮುಂದೆ ಹೋಗಲಿಲ್ಲ. ಅವಳ ಜೊತೆ ಕಲಬುರಗಿ ಭಾಗ ಓದಬೇಕಿದ್ದ ಉಳಿದವರು ಒಂದು ನಿಮಿಷ ಕಾದರು. ಆಮೇಲೆ ಅವರ ಪಾಡಿಗೆ ಅವರು ಓದಿಕೊಂಡು ಎದ್ದರು. ಸ್ವಂತ ಗುಂಪಿಗೆ ಮರಳಿದಾಗ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಹನ್ನೊಂದು ಚೀಟಿಯ ಹುಡುಗ ಅದೇ ಗುಂಪಿನವನು. "ಕೊಡು ಇಲ್ಲಿ" ಅಂತ ಪುಸ್ತಕ ತೆಗೆದುಕೊಂಡು ಅವಳ ಭಾಗವನ್ನೂ ತಾನೇ ಓದಿದ. ಒರಟಾಗಿ ಏನೂ ಅಲ್ಲ. ಸಹಾಯ ಮಾಡುತ್ತಿದ್ದೇನೆ ಅಂತಲೇ ಅವನ ಭಾವನೆ. ಅವಳು "ಹೌದ್ರಿ, ನೀವ ಓದ್ರಿ" ಅಂದಳು. ತನ್ನದೇ ವಯಸ್ಸಿನ ಹುಡುಗನಿಗೆ ಬಹುವಚನ. ಗುಂಪಿನಲ್ಲಿ ನಗು.

ಅವತ್ತು ಸಂಜೆ ನಾವು ಜಾಸ್ತಿ ಮಾತಾಡಿದ್ದು ಈ ನಗುವಿನ ಬಗ್ಗೆ ಅಲ್ಲ, ಆ ಸಹಾಯದ ಬಗ್ಗೆ. ಗುಂಪಿನಲ್ಲಿ ಕೂರಿಸಿದರೆ ಮಕ್ಕಳು ತಾವಾಗೇ ಬೆರೆಯುತ್ತಾರೆ ಅಂತ ತರಬೇತಿಗಳಲ್ಲಿ ನಾವು ಎಷ್ಟು ಸಲ ಹೇಳಿದ್ದೇವೆ! ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಕೋಹೆನ್ ಇದರ ಉಲ್ಟಾ ತೋರಿಸಿದವರು. ಹೊರಗೆ ಇರುವ ಮೇಲು ಕೀಳು ಗುಂಪಿನೊಳಗೂ ಬಂದು ಕೂರುತ್ತದೆ. ಜಾಣ ಅನ್ನಿಸಿಕೊಂಡವನು ಜಾಸ್ತಿ ಮಾತಾಡುತ್ತಾನೆ. ಮಾತಾಡಿದ್ದರಿಂದ ಇನ್ನೂ ಜಾಸ್ತಿ ಕಲಿಯುತ್ತಾನೆ. ಬರುವುದಿಲ್ಲ ಅನ್ನಿಸಿಕೊಂಡವಳ ಕೈಯಿಂದ ಪುಸ್ತಕ ಹೋಗುತ್ತದೆ. ಕೋಹೆನ್ ಹೇಳಿದ ಪರಿಹಾರ ಎರಡು. ಒಂದು, ಓದು ಒಂದರಿಂದಲೇ ಮುಗಿಯದ, ನಾಲ್ಕಾರು ತರಹದ ಬುದ್ಧಿ ಬೇಕಾಗುವ ಕೆಲಸ ಕೊಡುವುದು. ಎರಡು, ಹಿಂದೆ ಉಳಿದ ಮಗುವಿಗೆ ನಿಜವಾಗಿ ಬರುವ ಒಂದು ವಿದ್ಯೆಯನ್ನು ಕಂಡುಹಿಡಿದು, ಎಲ್ಲರ ಮುಂದೆ, ಕೆಲಸ ನಡೆಯುತ್ತಿರುವಾಗಲೇ, ಹೆಸರಿಟ್ಟು ಹೇಳುವುದು. ಸುಳ್ಳು ಹೊಗಳಿಕೆ ನಡೆಯುವುದಿಲ್ಲ. ಮಕ್ಕಳು ಅದನ್ನು ಮೊದಲ ಶಬ್ದದಲ್ಲೇ ಹಿಡಿಯುತ್ತಾರೆ.

ಹಾಗಾದರೆ ಈ ಹುಡುಗಿಗೆ ಏನು ಬರುತ್ತದೆ? ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಬುಧವಾರ: ನೋಟ್‌ಬುಕ್ಕಿನ ಹಿಂದಿನ ಹಾಳೆಗಳು

ಗೊತ್ತಾದದ್ದು ನೋಟ್‌ಬುಕ್ ತಿದ್ದುವಾಗ. ರಫ್ ನೋಟಿನ ಕೊನೆಯ ಹಾಳೆಗಳಲ್ಲಿ ಸಾಲಾಗಿ ಅಂಕಿಗಳು. ದಿನಕ್ಕೊಂದು ಸಾಲು. ಕೆಲವು ಅಂಕಿಗಳ ಪಕ್ಕ ಚುಕ್ಕೆ, ಕೆಲವು ಕಡೆ ಸೊನ್ನೆ ಸುತ್ತಿದ ಗುರುತು. ಮೊದಲು ನೋಡಿದಾಗ ಗೀಚಿದ ಹಾಗೆ ಕಾಣುತ್ತದೆ. ಶಿಕ್ಷಕಿ ಏನಿದು ಅಂತ ಕೇಳಿದರು. "ಅವ್ವನ ಕಾಫಿರೀ" ಅಂದಳು.

ಕುಯ್ಲಿನ ಕೂಲಿ ಕೆಜಿ ಲೆಕ್ಕದಲ್ಲಿ. ಸಂಜೆ ಚೀಲ ಹೊತ್ತು ತಂದು ತೂಕಕ್ಕೆ ಇಡುತ್ತಾರೆ, ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಬಟವಾಡೆ. ಬರುವಾಗ ತೆಗೆದುಕೊಂಡ ಮುಂಗಡ ಅದರಲ್ಲೇ ಮುರಿಯುತ್ತದೆ. ಆ ಅಮ್ಮನಿಗೆ ಓದು ಬರಹ ಬರುವುದಿಲ್ಲ. ಸಂಜೆ ತೂಕ ಕೂಗುವಾಗ ಮಗಳು ಪಕ್ಕದಲ್ಲಿ ನಿಂತು ಕೇಳಿಕೊಂಡು ತನ್ನ ಪುಸ್ತಕದಲ್ಲಿ ಬರೆಯುತ್ತಾಳೆ. ಚುಕ್ಕೆ ಅಂದರೆ ಅಪ್ಪನೂ ಕುಯ್ದ ದಿನ. ಸೊನ್ನೆ ಸುತ್ತಿದ್ದು ಮುಂಗಡ ಮುರಿದ ವಾರ. ಇಡೀ ಕುಟುಂಬದ ಲೆಕ್ಕಪತ್ರ ಅವಳ ಬ್ಯಾಗಿನಲ್ಲಿತ್ತು.

ಶಿಕ್ಷಕಿ ಮತ್ತು ಮುಖ್ಯ ಶಿಕ್ಷಕರು ಅವತ್ತು ಸಂಜೆ ಲೈನ್ ಮನೆಗೆ ಹೋದರು. ತೂಕದ ಲೆಕ್ಕ ಇಟ್ಟುಕೊಂಡು ಗಣಿತ ಪಾಠ ಮಾಡಬಹುದಾ ಅಂತ ಕೇಳಿದಾಗ ಅಮ್ಮ ಹೆದರಿದರು. "ರೈಟರ್ ಸಾವ್ಕಾರ್ರಿಗೆ ಗೊತ್ತಾದ್ರ ನಾವು ಅವರನ್ನ ನಂಬೂದಿಲ್ಲ ಅಂತ ಆಗ್ತೈತ್ರೀ." ಇದು ಪೂರಾ ನಿಜವಾದ ಭಯ. ರೈಟರ್ ಮಗ ಅದೇ ತರಗತಿಯಲ್ಲಿದ್ದಾನಲ್ಲ. ಹಾಗಾಗಿ ಅವಳ ನೋಟ್‌ಬುಕ್ ತರಗತಿಗೆ ಬರುವುದು ಬೇಡ, ಅಂಕಿಗಳನ್ನು ನಾವೇ ಹೊಸದಾಗಿ ಮಾಡೋಣ ಅಂತ ತೀರ್ಮಾನವಾಯಿತು. ಮಗುವಿನ ಮನೆಯ ಬದುಕನ್ನು ಪಾಠಕ್ಕೆ ತನ್ನಿ ಅಂತ ಹೇಳುವುದು ಸುಲಭ. ತಂದ ಮೇಲೆ ಅದರ ಬೆಲೆ ಕಟ್ಟುವವರು ಯಾರು ಅಂತಲೂ ನೋಡಬೇಕು.

ಭಾನುವಾರ ಅವಳೂ ಕುಯ್ಲಿಗೆ ಹೋಗುತ್ತಾಳೆ ಅನ್ನುವುದು ಆ ಭೇಟಿಯಲ್ಲಿ ಹೊರಬಿತ್ತು. ಮುಖ್ಯ ಶಿಕ್ಷಕರು ಅದನ್ನು ಮುಚ್ಚಿಡಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ತೋಟದ ಕೂಲಿಗೆ ಕರೆದೊಯ್ಯುವ ಹಾಗಿಲ್ಲ ಅಂತ ತಂದೆ ತಾಯಿಗೂ ಹೇಳಿದರು, ಮರುದಿನ ತೋಟದವರಿಗೂ ಹೇಳಿದರು. ಇನ್ನೊಂದು ಕೆಲಸ ಮಾಡಿದರು. ನನ್ನ ಲೆಕ್ಕದಲ್ಲಿ ಆ ವಾರದ ದೊಡ್ಡ ಕೆಲಸ ಅದು. ತಮ್ಮನನ್ನು ಅಂಗನವಾಡಿಗೆ ಸೇರಿಸಿದರು. ಒಂದು ಫೋನ್ ಕರೆ ಅಷ್ಟೇ. ಅಲ್ಲಿ ಅವನಿಗೆ ಊಟ, ಮೊಟ್ಟೆ ಎರಡೂ ಉಂಟು. ಅದರ ನಂತರ ಶಾಲೆಯ ಮೊಟ್ಟೆ ಬ್ಯಾಗಿಗೆ ಹೋಗಲಿಲ್ಲ. ತಮ್ಮನನ್ನು ನೋಡಿಕೊಳ್ಳಲು ಅರ್ಧ ದಿನಕ್ಕೇ ಮನೆಗೆ ಓಡುವುದೂ ನಿಂತಿತು. ಮಗು ತರಗತಿಗೆ ಸೇರಿದವಳಾಗಬೇಕಾದರೆ ಮೊದಲು ತರಗತಿಯಲ್ಲಿ ಇರಬೇಕಲ್ವಾ?

ಗುರುವಾರ: 508 ಮತ್ತು 518

ಗಣಿತದಲ್ಲಿ ಆಗ ಅನುಪಾತ ನಡೆಯುತ್ತಿತ್ತು. ಶಿಕ್ಷಕಿ ಐದು ಗುಂಪಿಗೂ ಒಂದೊಂದು ಹಾಳೆ ಕೊಟ್ಟರು. ಮೇಲೆ ಒಂದು ಕುಟುಂಬದ ಆರು ದಿನದ ಕುಯ್ಲು: 87, 94, 76, 102, 68, 91 ಕೆಜಿ. ಕೆಳಗೆ "ಒಟ್ಟು 508 ಕೆಜಿ" ಅಂತ ಬರೆದಿತ್ತು. ಕೆಜಿಗೆ 5 ರೂಪಾಯಿ. ಮುಂಗಡಕ್ಕೆ 500 ರೂಪಾಯಿ ಕಡಿತ. ಕೈಗೆ ಬರುವುದೆಷ್ಟು? ಅದರ ಕೆಳಗೆ ಎರಡನೇ ಭಾಗ: ಈ ಹಣ್ಣು ಒಣಗಿ ಚೆರ್ರಿ ಆಗಿ, ಮಿಲ್ಲಿಗೆ ಹೋದರೆ ಬೀಜ ಎಷ್ಟು?

ನಾಲ್ಕು ಗುಂಪುಗಳು 508ನ್ನೇ ಹಿಡಿದು ಗುಣಿಸಿದವು. ಅಚ್ಚಾದ ಹಾಳೆಯಲ್ಲಿ ಇದ್ದದ್ದು ಸರಿಯೇ ಇರಬೇಕು ಅನ್ನುವ ನಂಬಿಕೆ. ಹುಡುಗಿ ಇದ್ದ ಗುಂಪಿನಲ್ಲೂ ಹನ್ನೊಂದು ಚೀಟಿಯ ಹುಡುಗ ಗುಣಾಕಾರ ಶುರು ಮಾಡಿದ್ದ. ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಪೆನ್ನು ಮುಟ್ಟಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಆಮೇಲೆ "ತಪ್ಪೈತಿ" ಅಂದಳು.

"ಏನು ತಪ್ಪು?"

"ಹತ್ತು ಕೆಜಿ ಇಲ್ಲ."

ಅವನು ನಂಬಲಿಲ್ಲ. ಒಂದರ ಕೆಳಗೊಂದು ಬರೆದು ಕೂಡಿದ. 518 ಬಂತು. ಇನ್ನೊಮ್ಮೆ ಕೂಡಿದ. ಮತ್ತೆ 518. "ಮಿಸ್, ಹಾಳೇಲೇ ತಪ್ಪಿದೆ" ಅಂತ ಕೂಗಿದ.

ಶಿಕ್ಷಕಿ ಕಾಯುತ್ತಿದ್ದದ್ದು ಇದಕ್ಕೇ. ಎಲ್ಲರನ್ನೂ ನಿಲ್ಲಿಸಿ, ಹೇಗೆ ಕಂಡುಹಿಡಿದೆ ಅಂತ ಅವಳನ್ನು ಬೋರ್ಡಿಗೆ ಕರೆದರು. ಅವಳು ಮೊದಲು ಹತ್ತುಗಳನ್ನು ಮಾತ್ರ ಕೂಡಿದ್ದಳು: 80, 90, 70, 100, 60, 90. ಒಟ್ಟು 490. ಆಮೇಲೆ ಬಿಡಿಗಳು. ಅವನ್ನು ಸಾಲಾಗಿ ಕೂಡಲಿಲ್ಲ. 4ಕ್ಕೆ 6 ಜೋಡಿಸಿ ಹತ್ತು, 2ಕ್ಕೆ 8 ಜೋಡಿಸಿ ಹತ್ತು, ಉಳಿದ 7 ಮತ್ತು 1 ಎಂಟು. 28. ಒಟ್ಟು 518. ಇನ್ನು ಐದು ರೂಪಾಯಿಯಂತೆ ಎಷ್ಟು ಅಂದಾಗ ಗುಣಿಸಲೇ ಇಲ್ಲ. 518ರಲ್ಲಿ ಅರ್ಧ 259, ಪಕ್ಕಕ್ಕೊಂದು ಸೊನ್ನೆ. 2,590 ರೂಪಾಯಿ. ಮುಂಗಡ ಹೋಗಿ 2,090.

ತರಗತಿ ಒಂದು ಕ್ಷಣ ತಡೆದು, "ಅರ್ಧ ಮಾಡಿ ಸೊನ್ನೆ ಹಾಕೋದು ಯಾಕೆ?" ಅಂತ ಕೇಳಿತು. ಅವಳಿಗೆ ಯಾಕೆ ಅಂತ ಹೇಳಲು ಬರಲಿಲ್ಲ. ಹೇಗೆ ಅಂತ ಮಾತ್ರ ಗೊತ್ತು. ಐದು ಅಂದರೆ ಹತ್ತರ ಅರ್ಧ ಅನ್ನುವುದನ್ನು ವಿವರಿಸಿದ್ದು ಆ ಇನ್ನೊಂದು ಸೊನ್ನೆಯ ಹುಡುಗ, ಕೂತಲ್ಲಿಂದಲೇ, ಯಾರೂ ಕೇಳದೆ. ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ಶಿಕ್ಷಕಿ ಹೇಳಿದ ಮಾತು ಇಷ್ಟೇ: "ನೋಡಿ, ಇವಳು ಉತ್ತರಕ್ಕೆ ಮೊದಲು ಮೊತ್ತವನ್ನು ಪರೀಕ್ಷೆ ಮಾಡಿದಳು. ಬಿಡಿಗಳನ್ನು ಹತ್ತು ಹತ್ತು ಮಾಡಿ ಜೋಡಿಸೋದು ಇವಳಿಗೆ ಚೆನ್ನಾಗಿ ಬರುತ್ತೆ. ಇವತ್ತಿನ ಕೆಲಸಕ್ಕೆ ಅದು ಬೇಕಾಗಿತ್ತು." ಜಾಣೆ ಅನ್ನಲಿಲ್ಲ, ಚಪ್ಪಾಳೆ ಹೊಡೆಸಲಿಲ್ಲ. ಯಾವ ವಿದ್ಯೆ, ಯಾವ ಕೆಲಸಕ್ಕೆ ಬಂತು ಅನ್ನುವುದನ್ನು ಮಾತ್ರ ಹೇಳಿದರು.

ರೈಟರ್ ಮಗನ ಮುಖ ಕೆಂಪಾಗಿತ್ತು. "ಮಿಸ್, ನಮ್ಮಪ್ಪ ಹಂಗೆಲ್ಲ ಮಾಡಲ್ಲ." ಯಾರೂ ಅವನ ಅಪ್ಪನ ಮಾತು ಎತ್ತಿರಲಿಲ್ಲ. ಶಿಕ್ಷಕಿ ಅದನ್ನು ಹಗುರವಾಗಿ ತಳ್ಳಿಹಾಕಲಿಲ್ಲ. "ಈ ಹಾಳೆ ಮಾಡಿದ್ದು ನಾನು. ಸಂಜೆ ಹೊತ್ತು ನೂರು ಚೀಲ ತೂಗಿ ಬರೆಯೋರಿಗೆ ಕೂಡುವಾಗ ಕೈತಪ್ಪಬಹುದು. ಅದಕ್ಕೇ ಎರಡೂ ಕಡೆ ಬರೆದಿಟ್ಟರೆ ಎರಡೂ ಕಡೆಯವರಿಗೂ ಒಳ್ಳೇದು." ಆಮೇಲೆ ಅವನನ್ನೇ ಕೇಳಿದರು, ತಕ್ಕಡಿಗೆ ಇಡುವಾಗ ಚೀಲದ ತೂಕ ಏನು ಮಾಡುತ್ತಾರೆ ಅಂತ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಐದು ನಿಮಿಷ ವಿವರಿಸಿದ.

ಎರಡನೇ ಭಾಗದಲ್ಲಿ ಬೆಳೆಗಾರರ ಮಕ್ಕಳ ಸರದಿ. ಕಾಫಿ ವ್ಯಾಪಾರದಲ್ಲಿ ಔಟ್‌ಟರ್ನ್ ಅಂತ ಇದೆ, ಎಲ್ಲರೂ ಓಟಿ ಅನ್ನುತ್ತಾರೆ. 50 ಕೆಜಿ ಚೆರ್ರಿ ಚೀಲದಿಂದ ಎಷ್ಟು ಕೆಜಿ ಬೀಜ ಬಂತು ಅನ್ನುವ ಲೆಕ್ಕ. 26, 27, 28, ಹೀಗೆ. ಆ ವರ್ಷ ಕಾಫಿ ರೇಟು ಹಿಂದೆಂದೂ ಕಾಣದಷ್ಟು ಏರಿದ್ದರಿಂದ ಮನೆ ಮನೆಯಲ್ಲೂ ಓಟಿ ಮಾತೇ. "ನಮ್ಮದು 27 ಬಂತು", "ನಮ್ಮದು 26" ಅಂತ ಶುರುವಾಯಿತು. ಅದೇ ಅನುಪಾತ ಅಂತ ಬೋರ್ಡಿನ ಮೇಲೆ 27:50 ಬರೆದಾಗ ಕೆಲವರ ಬಾಯಿಂದ "ಓ" ಅಂತ ಬಂತು. ಸುಮಾರು ಐದು ಕೆಜಿ ಹಣ್ಣು ಸೇರಿದರೆ ಒಂದು ಕೆಜಿ ಬೀಜ ಅಂತ ಹಿಡಿದರೆ, ಆ ಕುಟುಂಬ ಕುಯ್ದ 518 ಕೆಜಿಗೆ ನೂರು ಕೆಜಿಗಿಂತ ಸ್ವಲ್ಪ ಜಾಸ್ತಿ ಬೀಜ. ಕುಯ್ದವರ ಲೆಕ್ಕ, ತೂಗಿದವರ ಲೆಕ್ಕ, ಮಾರುವವರ ಲೆಕ್ಕ ಮೂರೂ ಒಂದೇ ಬೋರ್ಡಿನ ಮೇಲೆ ಬಂದವು. ಮಂಗಳವಾರ ಪುಸ್ತಕದ ಹೋಳುಗಳನ್ನು ಹಂಚಿ ಆಗದಿದ್ದದ್ದು ಇಲ್ಲಿ ಆಯಿತು, ಯಾಕಂದರೆ ಈ ಹೋಳುಗಳು ಮಕ್ಕಳ ಹತ್ತಿರ ಮೊದಲೇ ಇದ್ದವು.

ಶುಕ್ರವಾರ, ಶನಿವಾರ

ಗಣರಾಜ್ಯೋತ್ಸವ ಆ ಭಾನುವಾರವೇ ಇತ್ತು. ಎರಡೂ ದಿನ ಪಾಠಕ್ಕಿಂತ ರಿಹರ್ಸಲ್ ಜಾಸ್ತಿ. ಇನ್ನೊಬ್ಬ ಶಿಕ್ಷಕರಿಗೆ ಒಂದು ಉತ್ಸಾಹ ಬಂತು: ಹುಡುಗಿ ಲಂಬಾಣಿ ಉಡುಪು ಹಾಕಿ ಕುಣಿದರೆ ಕಾರ್ಯಕ್ರಮಕ್ಕೆ ಕಳೆ. ಅವಳು ತಲೆ ಅಲ್ಲಾಡಿಸಿದಳು. ಕನ್ನಡಿ ಹೊಲಿದ ಆ ಉಡುಪು ಅವಳ ಮನೆಯಲ್ಲಿ ಉಡುವುದು ಅಜ್ಜಿ ಒಬ್ಬರೇ, ಅಜ್ಜಿ ಇರುವುದು ತಾಂಡಾದಲ್ಲಿ. ಅವ್ವ ಉಡುವುದು ಸೀರೆ. ಇವಳಿಗೆ ಬೇಕಾಗಿದ್ದದ್ದು ಎಲ್ಲರ ಜೊತೆ ಕವಾಯತಿನ ಸಾಲಿನಲ್ಲಿ ನಿಲ್ಲುವುದು. ಯೂನಿಫಾರ್ಮ್ ಒಂದು ಹೊಂದಿಸಿ ನಿಲ್ಲಿಸಿದರು, ಮುಗಿಯಿತು. ವೇಷ ಹಾಕಿಸಿ ವೇದಿಕೆಗೆ ಹತ್ತಿಸುವುದನ್ನು ಗೌರವ ಅಂದುಕೊಳ್ಳುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಬಹಳ ಇದೆ. ಅದರಲ್ಲಿ ಮಗು ನೋಡುವ ವಸ್ತುವಾಗುತ್ತದೆ. ಸಾಲಿನಲ್ಲಿ ನಿಂತ ಮಗು ಸಾಲಿನವಳಾಗುತ್ತಾಳೆ.

ಶನಿವಾರ ನಾನು ಗುರುತು ಹಾಕಿಕೊಂಡದ್ದು ಒಂದೇ. ಹನ್ನೊಂದು ಚೀಟಿಯ ಹುಡುಗ ತನ್ನ ಲೆಕ್ಕದ ಪುಸ್ತಕವನ್ನು ಅವಳ ಮುಂದೆ ಹಿಡಿದು "ಸರಿ ಇದ್ಯಾ ನೋಡು" ಅಂದ. ಅವಳು "ತೋರ್ಸು" ಅಂದಳು. ಬಹುವಚನ ಹೋಗಿತ್ತು.

ಏನು ಬದಲಾಯಿತು, ಏನು ಇಲ್ಲ

ಶಾಲೆ ನನ್ನದು ಅನ್ನುವ ಭಾವನೆಯನ್ನು ಅಳೆಯಲು ಅಳತೆಪಟ್ಟಿಗಳಿವೆ. ಕ್ಯಾರಲ್ ಗುಡಿನೋ 1993ರಲ್ಲಿ ಪ್ರಕಟಿಸಿದ 18 ವಾಕ್ಯಗಳ ಪಟ್ಟಿ ಅವುಗಳಲ್ಲಿ ಹೆಸರಾದದ್ದು. ಓದಲು ಕಷ್ಟವಿರುವ ಮಗುವಿಗೆ ಹದಿನೆಂಟು ವಾಕ್ಯ ಕೊಟ್ಟು ಏನು ಪ್ರಯೋಜನ? ನಾವು ಮೂರು ವಿಷಯ ನೋಡಿದೆವು. ಅವಳು ಯಾರನ್ನು ಸಹಾಯ ಕೇಳುತ್ತಾಳೆ, ಅವಳನ್ನು ಯಾರು ಕೇಳುತ್ತಾರೆ, ಅವಳು ಬರದಿದ್ದರೆ ಯಾರು ವಿಚಾರಿಸುತ್ತಾರೆ. ಎರಡನೆಯದು ಸೋಮವಾರ ಇರಲಿಲ್ಲ, ಶನಿವಾರ ಇತ್ತು. ನನ್ನ ಮಟ್ಟಿಗೆ ಮೂರರಲ್ಲಿ ಅದೇ ಮುಖ್ಯ. ಸಹಾಯ ಪಡೆಯುವವಳಾಗಿ ಎಷ್ಟು ದಿನ ಇದ್ದರೂ ಅವಳು ಅತಿಥಿಯೇ. "ಹೊಸಬಳನ್ನ ಸೇರಿಸಿಕೊಳ್ಳಿ, ಪಾಪ" ಅಂತ ಮಕ್ಕಳಿಗೆ ಹೇಳಿದ್ದರೆ ಆಗುತ್ತಿದ್ದದ್ದು ಅದೇ. ಆ "ಪಾಪ" ಅನ್ನುವ ಶಬ್ದ ತರಗತಿಯೊಳಗೆ ಬರದ ಹಾಗೆ ಈ ಶಿಕ್ಷಕಿ ನೋಡಿಕೊಂಡರು.

ಓದು ಒಂದು ವಾರದಲ್ಲಿ ಇಂಚೂ ಕದಲಲಿಲ್ಲ. ಒತ್ತಕ್ಷರ ಬಂದರೆ ಬೆರಳು ಈಗಲೂ ನಿಲ್ಲುತ್ತದೆ. ಲೆಕ್ಕದಲ್ಲಿ ಸಿಕ್ಕ ಮರ್ಯಾದೆ ಓದನ್ನು ತಾನಾಗೇ ಎಳೆದುಕೊಂಡು ಬರುತ್ತದೆ ಅಂತ ನಾನು ನಂಬುವುದಿಲ್ಲ. ಅದಕ್ಕೆ ಬೇರೆಯೇ ದುಡಿಮೆ ಬೇಕು. ಮುಂದಿನ ವಾರದಿಂದ ಊಟದ ನಂತರ ಅರ್ಧ ಗಂಟೆ ಚಿಕ್ಕ ತರಗತಿಗಳ ನಲಿಕಲಿ ಕೊಠಡಿಯಲ್ಲಿ ಒತ್ತಕ್ಷರದ ಕಾರ್ಡುಗಳು. ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ನಾಚಿಕೆಯಾಗುತ್ತದೆ ಅಂತ, ಅವರು ಹೊರಗೆ ಆಟಕ್ಕೆ ಹೋದಾಗ. ಅಸ್ಸಾಂನ ಇಬ್ಬರೂ ಅದರಲ್ಲಿ ಸೇರಿದ್ದಾರೆ. ಊರಿಗೆ ಮರಳುವಾಗ ಅವಳ ಕೈಯಲ್ಲಿ ಟಿಸಿ ಜೊತೆ ಒಂದು ಹಾಳೆ ಕಳಿಸಬೇಕು ಅಂತ ಶಿಕ್ಷಕಿ ಬರೆದಿಟ್ಟಿದ್ದಾರೆ: ಯಾವ ಅಕ್ಷರದವರೆಗೆ ಓದುತ್ತಾಳೆ, ಲೆಕ್ಕದಲ್ಲಿ ಏನು ಬರುತ್ತದೆ, ಹೇಗೆ ಕೂಡುತ್ತಾಳೆ. ಅಲ್ಲಿಯ ಶಿಕ್ಷಕರು ಮತ್ತೆ ಸೊನ್ನೆಯಿಂದ ಶುರು ಮಾಡಬಾರದಲ್ಲ.

ಮುಂದಿನ ಸೋಮವಾರ ಮತ್ತೆ ಚೀಟಿ ಬರೆಸಿದರು. ಹುಡುಗಿಯ ಹೆಸರು ಮೂರು ಚೀಟಿಗಳಲ್ಲಿತ್ತು. ಒಂದು, ಊರಿನ ಆ ಮೌನಿ ಹುಡುಗ ಬರೆದದ್ದು. ಅವನ ಹೆಸರು ಮಾತ್ರ ಈ ಸಲವೂ ಯಾರೂ ಬರೆದಿರಲಿಲ್ಲ. ಆರು ವರ್ಷ ಅದೇ ಕೊಠಡಿಗಳಲ್ಲಿ ಕೂತವನು. ಅವನಿಗೆ ಗುಳೆ ಅಂತ ಕಾರಣ ಕೊಡಲು ಆಗುವುದಿಲ್ಲ, ಭಾಷೆ ಅಂತಲೂ ಆಗುವುದಿಲ್ಲ. ಶಿಕ್ಷಕಿ ಅವನ ರಫ್ ನೋಟನ್ನು ಕೊನೆಯ ಹಾಳೆಯಿಂದ ನೋಡಲು ಶುರು ಮಾಡಿದ್ದಾರೆ.